ಕಲಾಯಿ ಹೋದ ಕೊಳಗ

ಸವಡಿಯಿಂದ ರೋಣಕ್ಕೆ ಹೊರಟ ಬಸ್ಸಿನಲ್ಲಿ ಕಂಡಕ್ಟರು ಎದುರು ಬಂದು ನಿಂತದ್ದೇ ತಡ, ಹೊಳೆವ್ವನಿಗೆ ಮತ್ತೆ ನಗು ಬಂತು. ಬರಬಾರದ ನಗು, ಹೊಕ್ಕಳದ ಹತ್ತಿರ ಎಲ್ಲೋ ಹುಟ್ಟಿ ಗುಳುಗುಳು ಎಂದು ಮೇಲೇರಿ ಗಂಟಲಲ್ಲಿ ಕೂತುಕೊಳ್ಳುವ ನಗು. ಆಧಾರ್ ಕಾರ್ಡು ತೋರಿಸಬೇಕಾದವಳು ಗಡಿಬಿಡಿಯಲ್ಲಿ ಸಭೆಗೆ ಕರೆದ ಸರ್ಕಾರಿ ಕಾಗದವನ್ನೇ ತೆಗೆದು ಅವನ ಕೈಗಿಟ್ಟಳು. ಅವನು ಅದನ್ನು ಊರಿಗೆಲ್ಲ ಕೇಳುವಂತೆ ಓದಿದ: ಕುಲಾಂತರಿ ಹತ್ತಿ ಪ್ರಯೋಗ, ಬಾಧಿತರ ಅಹವಾಲು ಸಭೆ, ರೋಣ. ಓದಿ, "ಯಕ್ಕಾರ, ಇದರ ಮ್ಯಾಲೆ ಟಿಕೀಟ ಹರ್ಯಾಕ ಬರೂದಿಲ್ರಿ" ಎಂದ. ಮುಂದಿನ ಸೀಟಿನಲ್ಲಿದ್ದ ಮಾನವ್ವ ಕತ್ತು ಹೊರಳಿಸಿ ನೋಡಿದಳು. ಟೀವಿಯವರು ಬರುತ್ತಾರೆಂದು ಆಕೆ ಮಗಳ ಲಗ್ನದ ಇಳಕಲ್ ಸೀರೆ ಉಟ್ಟಿದ್ದಳು. "ಏನಾಗೇತಿ ಬೇ ನಿನಗ? ಬಾಧಿತರಂದ್ರ ಬಾಧಿತರಂಗ ಇರಬೇಕು. ಹಲ್ಲ ಕಿಸದ್ರ ಯಾರ ನಂಬತಾರ?" ಹೊಳೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯತ್ತ ತಿರುಗಿದಳು. ಹೊರಗೆ ಕಡಲೆಯ ಹೊಲಗಳು ಹಸಿರಾಗಿ, ಚಪ್ಪಟೆಯಾಗಿ, ಯಾವ ಗುಟ್ಟೂ ಇಲ್ಲದ ಹಾಗೆ ಹಾದುಹೋಗುತ್ತಿದ್ದವು. ಅತ್ತರೆ ಯಾರಾದರೂ ಸಮಾಧಾನ ಮಾಡುತ್ತಾರೆ, ನಕ್ಕರೆ ಏನು ಮಾಡುತ್ತಾರೆ ಎಂದು ಯೋಚಿಸಿದಳು. ಆ ಯೋಚನೆಗೂ ನಗು ಬಂತು.

ಹಿತ್ತಾಳೆಯ ಕೊಳಗ ತವರಿನದು. ಮೂವತ್ತು ಮಂದಿಗೆ ಸಾಕಾಗುವಷ್ಟು ಅನ್ನ ಹಿಡಿಸುವಂಥದು, ಕಂಠದ ಸುತ್ತ ಅವ್ವನ ಹೆಸರು ಕೊರೆಸಿದ್ದು. ಲಗ್ನವಾಗಿ ಇಪ್ಪತ್ತೇಳು ವರ್ಷ ಅದು ಜಂತಿಯ ಕೆಳಗೆ ಬೋರಲು ಬಿದ್ದಿತ್ತು. ಹೊಳೆವ್ವನ ಮನೆಗೆ ಮೂವತ್ತು ಮಂದಿ ಊಟಕ್ಕೆ ಬರುವ ಪ್ರಸಂಗವೇ ಬಂದಿರಲಿಲ್ಲ. ಗಂಡ ಶಿವನಪ್ಪ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು ಹಬ್ಬಕ್ಕೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಈ ಸಲದ ಸೀಗಿ ಹುಣ್ಣಿಮೆಗೆ ಮಾತ್ರ ಪ್ರಸಂಗ ತಾನಾಗಿ ಬಂತು. ಗುರುಸಂಗಪ್ಪ ಸಾವಕಾರರ ನಾಲ್ಕು ಎಕರೆಯಲ್ಲಿ ಕಂಪನಿಯವರು ತಂತಿಬೇಲಿ ಹಾಕಿ ಹೊಸ ಹತ್ತಿಯನ್ನು ಪರೀಕ್ಷೆಗೆಂದು ಹಚ್ಚಿದ್ದರು. ಅಲ್ಲಿ ಕ್ರಾಸಿಂಗ್ ಮಾಡುವ ಮೂವತ್ತು ಹೆಂಗಸರು ಸೇರಿ ಹುಣ್ಣಿಮೆಯ ಚರಗ, ಭೂತಾಯಿಯ ಎಡೆ, ಅದೇ ಹೊಲದಲ್ಲಿ ಚೆಲ್ಲಿ ಉಣ್ಣೋಣ ಎಂದುಕೊಂಡರು. ಮೊಸರನ್ನ ಯಾರು ತರುತ್ತೀರಿ ಎಂದಾಗ ಹೊಳೆವ್ವ ಕೈ ಎತ್ತಿದಳು. ಕೈ ಎತ್ತಿದ್ದು ಮೊಸರನ್ನಕ್ಕಲ್ಲ, ಕೊಳಗಕ್ಕೆ. ಅದು ಆಕೆಗೆ ಈಗ ಗೊತ್ತಾಗುತ್ತದೆ. ಮೂರು ದಿನ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ಮೂರನೆಯ ದಿನ ಅಂಗಳದ ಬಿಸಿಲಿಗೆ ಇಟ್ಟರೆ ಎದುರುಮನೆಯ ಗೋಡೆಯ ಮೇಲೆ ಅದರ ಹೊಳಪು ಬಿದ್ದು ಕುಣಿಯುತ್ತಿತ್ತು. ಅದೇ ದಿನ ಓಣಿಯಲ್ಲಿ ಕೂಗುತ್ತ ಬಂದ, ಪಾತ್ರೆಗಳ ಒಳಗೆ ತವರದ ಕಲಾಯಿ ಹಚ್ಚುವ ಗೌಸುಸಾಬ ಕೊಳಗದೊಳಗೆ ತಲೆ ಹಾಕಿ, "ತಂಗೀ, ಒಳಗ ಕಲಾಯಿ ಪೂರಾ ಹೋಗೇತಿ. ಹಿತ್ತಾಳಿ ಕಾಣಾಕತ್ತೇತಿ. ತಾಸಿನ್ಯಾಗ ಹಚ್ಚಿ ಕೊಡತೀನಿ" ಎಂದ. ಹೊಳೆವ್ವನಿಗೆ ಕಂಡದ್ದು ಅವನ ಇದ್ದಿಲ ಒಲೆ ಒಂದೇ. ಬೆಂಕಿಯ ಮೇಲೆ ಇಟ್ಟರೆ ಹೊರಗೆಲ್ಲ ಮಸಿ. ಮೂರು ದಿನದ ಕೈನೋವು ತಾಸಿನಲ್ಲಿ ಕಪ್ಪಾಗುತ್ತದೆ. "ಹುಣ್ಣಿವಿ ಆಗಲಿ ಕಾಕಾ, ಆಮ್ಯಾಲೆ ನೋಡೂಣು" ಎಂದಳು. ಅಷ್ಟೇ ಮಾತು. ಆ ಒಂದು ಮಾತು ಓಣಿಯಿಂದ ಹೊರಟು ಬೆಂಗಳೂರು ಮುಟ್ಟಿ, ದಿಲ್ಲಿಗೂ ಹೋಗಿ, ಇಡೀ ರಾಜ್ಯದಲ್ಲಿ ಕುಲಾಂತರಿ ಬೆಳೆಯ ಪರೀಕ್ಷೆಗಳನ್ನೆಲ್ಲ ನಿಲ್ಲಿಸಿಬಿಟ್ಟಿತು.

ಕ್ರಾಸಿಂಗ್ ಎಂದರೆ ಹೂವಿನ ಲಗ್ನ. ಸಂಜೆಗೆ ನಾಳೆ ಅರಳುವ ಮೊಗ್ಗನ್ನು ಹುಡುಕಿ, ಹೆಬ್ಬೆರಳ ಉಗುರಿನಿಂದ ಅದರ ಪಕಳೆ, ಗಂಡುಕೇಸರ ಎಲ್ಲ ಬಿಡಿಸಿ, ನಡುವಿನ ಕಡ್ಡಿ ಒಂದನ್ನೇ ಉಳಿಸಿ ಕೆಂಪು ಕಾಗದ ಮುಚ್ಚಬೇಕು. ಮರುದಿನ ಬೆಳಗ್ಗೆ ಬೇರೆ ಸಾಲಿನಿಂದ ಗಂಡು ಹೂ ಕಿತ್ತು ತಂದು ಆ ಕಡ್ಡಿಗೆ ಸವರಬೇಕು. ಒಂದು ಗಂಡಿಗೆ ಐದಾರು ಹೆಣ್ಣು. ಮಾನವ್ವ ಗಂಡು ಹೂವನ್ನು ಬೆರಳಲ್ಲಿ ಹಿಡಿದು, "ಏ ದೇಸಾಯಿ, ಇನ್ನ ನಾಕ ಮನಿ ಅದಾವು, ದಣೀಬ್ಯಾಡ" ಎನ್ನುತ್ತಿದ್ದಳು. ಸಾಲಿಗೆ ಸಾಲೇ ಬಿದ್ದುಬಿದ್ದು ನಗುತ್ತಿತ್ತು. ಕಂಪನಿಯ ಹುಡುಗ ಮೇಲ್ವಿಚಾರಕ ಕಿವಿಗೆ ಏನೋ ಚುಚ್ಚಿಕೊಂಡು ಕೇಳದವನಂತೆ ಓಡಾಡುತ್ತಿದ್ದ. ಸಂಜೆ ಹೊರಡುವಾಗ ಪ್ರತಿಯೊಬ್ಬಳೂ ಗೇಟಿನ ಹತ್ತಿರ ಸೆರಗು, ನಿರಿಗೆ ಝಾಡಿಸಬೇಕು, ಒಂದು ಎಲೆ, ಒಂದು ಕಾಳು ಹೊರಗೆ ಹೋಗಬಾರದು. ಮೂವತ್ತು ಹೆಂಗಸರು ಒಟ್ಟಿಗೆ ಸೀರೆ ಝಾಡಿಸುವುದನ್ನು ನೋಡಲಾರದೆ ಆ ಹುಡುಗ ಆಕಾಶ ನೋಡುತ್ತ ನಿಲ್ಲುತ್ತಿದ್ದ. ಆದರೆ ಹುಣ್ಣಿಮೆಗೆ ಅವನು ಊರಿಗೆ ಹೋಗಿದ್ದ. ಬಸಿರಾದ ಭೂಮಿಗೆ ಅವತ್ತು ಬಯಕೆ ಊಟ. "ಲಗ್ನ ಮಾಡಿಸಿದವರು ನಾವ. ಬಯಕಿ ಊಟ ಹಾಕೂದು ಬಿಟ್ರ ಹ್ಯಾಂಗ್ರಿ ಸಾವಕಾರ್ರ?" ಎಂದು ಮಾನವ್ವ ಕೇಳಿದಾಗ ಗುರುಸಂಗಪ್ಪನವರಿಗೆ ಇಲ್ಲ ಎನ್ನಲು ಬರಲಿಲ್ಲ. ಕೀಲಿ ಅವರ ಹತ್ತಿರವೇ ಇತ್ತು. ಗೇಟು ತೆಗೆದರು. ಹೆಂಗಸರು, ಅವರ ಮಕ್ಕಳು, ಎರಡು ಚಕ್ಕಡಿ, ನಾಲ್ಕು ಎತ್ತು, ಸಾವಕಾರರ ತಾಯಿ, ಬೀಗರು, ಎಲ್ಲ ಒಳಗೆ.

ಕೊಳಗ ಖಾಲಿಯಾದ ಕ್ಷಣ ಹೊಳೆವ್ವನಿಗೆ ಇವತ್ತಿಗೂ ಮೈಮೇಲೆ ಮುಳ್ಳೇಳುವಂತೆ ನೆನಪಿದೆ. ನಸುಕಿನಲ್ಲೇ ಎದ್ದು ಅನ್ನ ಆರಿಸಿ, ಹುಳಿಮೊಸರು ಕಲಸಿ, ಹಸಿಶುಂಠಿ, ಹಸಿಮೆಣಸಿನಕಾಯಿ, ಮೇಲೆ ನಾಲ್ಕು ನಿಂಬೆಹಣ್ಣು ಹಿಂಡಿ, ಹೊತ್ತು ನೆತ್ತಿಗೆ ಬರುವ ತನಕ ಹಿತ್ತಾಳೆಯಲ್ಲೇ ಇಟ್ಟಿದ್ದಳು. ಬಡಿಸಬಡಿಸುತ್ತ ತಳ ಕಂಡಿತು. ತನಗೆ ಒಂದು ತುತ್ತೂ ಉಳಿಯಲಿಲ್ಲ. ಅಡುಗೆ ಮಾಡಿದವಳಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ? ಸಜ್ಜೆರೊಟ್ಟಿ, ಬದನೆಕಾಯಿ ತಿನ್ನುತ್ತ ಹತ್ತಿಯ ಸಾಲಿನ ನೆರಳಲ್ಲಿ ಕೂತಿದ್ದಳು, ಹೊಟ್ಟೆ ತುಂಬದಿದ್ದರೂ ಮನಸ್ಸು ತುಂಬಿತ್ತು. ಅಷ್ಟರಲ್ಲಿ ಸಾವಕಾರರ ಬೀಗರು ಬದುವಿನ ಮೇಲೆ ಬಗ್ಗಿ ಕಾರಿಕೊಂಡರು. ಆಮೇಲೆ ಎರಡು ಮಕ್ಕಳು. ಆಮೇಲೆ ಸಾಲುಸಾಲಾಗಿ, ಹೂವಿಗೆ ಬಗ್ಗುವ ಹಾಗೇ ಬಗ್ಗಿ, ಮೂವತ್ತೆಂಟು ಮಂದಿ. ಒಂದು ತಾಸೂ ಆಗಿರಲಿಲ್ಲ. ಎತ್ತುಗಳು ಮಾತ್ರ ತಲೆ ಎತ್ತಿ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದವು. ಅಂಬ್ಯುಲೆನ್ಸಿನಲ್ಲಿ ಮಾನವ್ವನ ತಲೆ ಹೊಳೆವ್ವನ ತೊಡೆಯ ಮೇಲಿತ್ತು. ಎಲ್ಲರಿಗಿಂತ ಹೆಚ್ಚು ಆದದ್ದು ಆಕೆಗೇ. "ನನ್ನ ಗಂಡಗ ಹೇಳ, ಟ್ರಂಕಿನ ಕೀಲಿ ಜೋಳದ ಮಡಕ್ಯಾಗ ಐತಿ" ಎಂದು ಮಾನವ್ವ ಅಪ್ಪಣೆ ಕೊಡುತ್ತಿದ್ದಳು. ಸರ್ಕಾರಿ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಮರುದಿನ ಮಧ್ಯಾಹ್ನಕ್ಕೆ ಎಲ್ಲರೂ ಎದ್ದು ಕೂತು ಚಹಾ ಕೇಳಿದರು. ಯಾರಿಗೂ ಏನೂ ಆಗಲಿಲ್ಲ. ಆ ಮಾತನ್ನು ಹೊಳೆವ್ವ ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಆದರೆ ಟೀವಿಯವರು ಬಂದು, ಹೊಸ ಹತ್ತಿಯ ಹೊಲದ ಹತ್ತಿರ ಉಂಡವರಿಗೆಲ್ಲ ಒಟ್ಟಿಗೆ ವಾಂತಿ ಎಂದದ್ದೇ, ಮಾನವ್ವ ಮಲಗಿದಲ್ಲಿಂದಲೇ, "ಆ ಹೂವಿಂದ ಏನೋ ವಾಸನಿ ಬಂತ್ರಿ, ತಲಿ ಗಿರ್ ಅಂತು" ಎಂದಳು. ಸಂಜೆಗೆ ಆ ವಾಸನೆ ಮೂವತ್ತೆಂಟು ಮಂದಿಗೂ ಬಂದಿತ್ತು. ನಾಲ್ಕನೆಯ ದಿನ ಸರ್ಕಾರ ಆದೇಶ ಹೊರಡಿಸಿತು.

ಕೊಳಗವನ್ನು ಹೊಳೆವ್ವ ಅವತ್ತೇ ತೊಳೆದಿಟ್ಟಿದ್ದಳು. ಗದ್ದಲದಲ್ಲಿಯೂ ಎಂಜಲು ಪಾತ್ರೆ ಬಿಟ್ಟು ಬರುವ ಹೆಣ್ಣಲ್ಲ ಆಕೆ. ಆರೋಗ್ಯದ ಸಿಸ್ಟರು ಬಂದು ಉಳಿದ ಊಟ ಏನಾದರೂ ಇದೆಯೇ ಎಂದು ಕೇಳಿದಾಗ ಉಳಿದದ್ದು ಮಾನವ್ವನ ಮನೆಯ ಶೇಂಗಾಚಟ್ನಿ ಒಂದೇ. ಅದನ್ನು ಬಾಟಲಿಗೆ ಹಾಕಿಕೊಂಡು ಹೋದರು. ಚಟ್ನಿಯಲ್ಲಿ ದೋಷ ಇಲ್ಲ ಎಂದು ವರದಿ ಬಂತು. ಎಂಟು ದಿನ ಬಿಟ್ಟು ಕೊಳಗವನ್ನು ಜಂತಿಗೆ ಏರಿಸಲು ಹೋದಾಗ ತಳದಲ್ಲಿ ಹಸಿರು ಕಂಡಿತು. ಕಿಲುಬು, ಪಾಚಿಯಂತೆ ತೆಳ್ಳಗೆ. ಬೆರಳಿಂದ ಮುಟ್ಟಿ ನಾಲಗೆಗೆ ತಾಗಿಸಿಕೊಂಡಳು. ಬಾಯೆಲ್ಲ ಒಗರಾಯಿತು. ಆಗ ಒಂದೊಂದಾಗಿ ಎಲ್ಲ ಸಾಲಾಗಿ ಬಂದು ನಿಂತವು: ಗೌಸುಸಾಬನ ತಲೆ ಕೊಳಗದೊಳಗೆ ಹೋದದ್ದು, ನಾಲ್ಕು ನಿಂಬೆಹಣ್ಣು, ಮೊಸರು ಮುಟ್ಟದ ಸಾವಕಾರರ ತಾಯಿ ಗುಂಡುಕಲ್ಲಿನ ಹಾಗೆ ಇದ್ದದ್ದು, ಒಂದು ತುತ್ತೂ ಉಳಿಯದ ತಾನೂ ಹಾಗೇ ಇದ್ದದ್ದು. ನೆಲದ ಮೇಲೆ ಕೂತಳು. ಅಳು ಬರಬೇಕಿತ್ತು. ಓಣಿಯ ಆ ಕಡೆಯ ಮನೆಯ ಟೀವಿಯಲ್ಲಿ ಯಾರೋ ದೊಡ್ಡ ದೊಡ್ಡ ಮನುಷ್ಯರು ನಾಲ್ಕು ಚೌಕಗಳಲ್ಲಿ ಕೂತು, ಹತ್ತಿಯ ಜೀನು ಗಾಳಿಯಲ್ಲಿ ಹಾರುತ್ತದೋ ಇಲ್ಲವೋ ಎಂದು ಒಬ್ಬರ ಮೇಲೊಬ್ಬರು ಒದರುತ್ತಿದ್ದರು. ಅವರೆಲ್ಲ ತನ್ನ ಮೊಸರನ್ನದ ಬಗ್ಗೆ ಜಗಳಾಡುತ್ತಿದ್ದಾರೆ ಎಂದು ಹೊಳೆದದ್ದೇ, ಮೊದಲ ಸಲ ಆ ನಗು ಬಂತು. ಕೊಳಗವನ್ನು ತಬ್ಬಿಕೊಂಡು ನಕ್ಕಳು. ಆಮೇಲೆ ಹೆದರಿ ಬಾಗಿಲು ಹಾಕಿದಳು. ಫೋನಿನಲ್ಲಿ ಶಿವನಪ್ಪ, "ಬಾಯಿ ಮುಚಗೊಂಡ ಇರು. ಕೇಸ ಹಾಕತಾರ. ಮಂದಿಗೆ ಇಸಾ ಹಾಕಿದಾಕಿ ಅಂತಾರ" ಎಂದ. ಆಮೇಲೆ, "ಕೊಳಗ ಮಾರಿಬಿಡು" ಎಂದ. ಕೇಸಿನ ಹೆದರಿಕೆ ಆಕೆಗೆ ಅಷ್ಟು ತಾಗಲಿಲ್ಲ. ತಾಗಿದ್ದು ಬೇರೆ. ಹೊಳೆವ್ವನ ಕೈಯಡಿಗೆ ಎಂದರೆ ಓಣಿಯಲ್ಲಿ ಒಂದು ಹೆಸರಿತ್ತು. ಬೇರೆ ಏನೂ ಇಲ್ಲದವಳಿಗೆ ಅದು ಒಂದಿತ್ತು.

ಹೆಸರು ಉಳಿಯಿತು, ಕೆಲಸ ಹೋಯಿತು. ಆದೇಶ ಬಂದ ದಿನವೇ ಗೇಟಿಗೆ ಸರ್ಕಾರದ ಬೀಗ ಬಿತ್ತು. ಕೆಂಪು ಕಾಗದ ಮುಚ್ಚಿದ ಮೊಗ್ಗುಗಳು ಹಾಗೇ ಉಳಿದವು. ಬೇಲಿಯ ಹೊರಗೆ ನಿಂತು ನೋಡಿದರೆ ಗಾಳಿಗೆ ಕಾಗದಗಳು ಒಂದೊಂದೇ ಹಾರಿ ಬೀಳುತ್ತಿದ್ದವು. ಸಣ್ಣವ್ವ, ಉಡಚವ್ವ, ಇನ್ನೂ ಆರು ಮಂದಿ ಗೋವಾದ ಬಸ್ಸು ಹತ್ತಿದರು. ಉಳಿದವರು ಕಡಲೆಯಲ್ಲಿ ಕಳೆ ತೆಗೆಯಲು ಹೋದರು. ಅಲ್ಲಿ ಬೆನ್ನು ಬಗ್ಗಿಸುವುದಷ್ಟೇ, ನಗುವಂಥದ್ದೇನೂ ಇಲ್ಲ. ಹೊಳೆವ್ವ ಅವರ ನಡುವೆ ಬಗ್ಗಿ ಕಳೆ ಕೀಳುತ್ತ, ಒಂದು ಮಾತು ಹೇಳಿದರೆ ಆ ಮೂವತ್ತು ಮಂದಿ ಮತ್ತೆ ಹೂವಿನ ಸಾಲಿಗೆ ಹೋಗುತ್ತಾರೆ ಎಂದುಕೊಳ್ಳುತ್ತಿದ್ದಳು. ಮರುಗಳಿಗೆಯೇ, ಆ ಬೀಜ ಒಳ್ಳೆಯದು ಎಂದು ನನಗೇನು ಗೊತ್ತು, ಕೆಟ್ಟದ್ದೇ ಇದ್ದರೆ, ನಿಂತದ್ದೇ ಚಲೋ ಆಯಿತಲ್ಲ ಎನ್ನಿಸುತ್ತಿತ್ತು. ಎರಡು ತಿಂಗಳು ಹೀಗೇ. ಆ ಬೀಜದ ಮೇಲೆ ಆಕೆಗೆ ಪ್ರೀತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮಾಡದ ತಪ್ಪಿಗೆ ಬೈಸಿಕೊಳ್ಳುತ್ತಿರುವ ಮನುಷ್ಯನನ್ನು ದಾರಿಯಲ್ಲಿ ಎದುರಾದಾಗ ಹೇಗೆ ಮುಖ ತಪ್ಪಿಸುತ್ತೇವೋ, ಹತ್ತಿಯ ಗಿಡ ಕಂಡಾಗೆಲ್ಲ ಆಕೆ ಹಾಗೆ ಮುಖ ತಪ್ಪಿಸುತ್ತಿದ್ದಳು.

ರೋಣದ ಬಸ್‌ಸ್ಟ್ಯಾಂಡಿನಿಂದ ಹೊರಗೆ ಬಂದು ನಾಲ್ಕು ಹೆಜ್ಜೆ ಇಟ್ಟಿದ್ದರಷ್ಟೇ, ಬೇವಿನ ಮರದ ಕೆಳಗೆ ಗೌಸುಸಾಬ ತಿದಿ ಒತ್ತುತ್ತ ಕೂತಿದ್ದ. ಹೊಳೆವ್ವ ಮಾನವ್ವನ ಮರೆಗೆ ಸರಿದಳು. ಅವನ ಕಣ್ಣು ಪಾತ್ರೆಯ ತೂತು ಹುಡುಕಿ ಹುಡುಕಿ ಚುರುಕಾದ ಕಣ್ಣು. "ಏ ತಂಗೀ, ಸವಡಿ ತಂಗೀ" ಎಂದು ಕರೆದ. "ಹುಣ್ಣಿವಿ ಆಗಿ ಎರಡ ತಿಂಗಳಾತು. ಕೊಳಗ ತರಲಿಲ್ಲ?" ಹೊಳೆವ್ವ ಮರೆಯಿಂದ ಇಣುಕಿದಳು. "ತರತೀನಿ ಕಾಕಾ." "ತಾ. ಅಲ್ಲೀತನಕಾ ಅದರಾಗ ಹುಳೀದ ಏನೂ ಇಡಬ್ಯಾಡ. ಇಟ್ಟಿ ಅಂದ್ರ ಉಂಡ ಮಂದಿ ಕಾರಕೊಂಡ ಸಾಯತಾರ." ಅವನು ಅಷ್ಟನ್ನೇ ಹೇಳಿ ಯಾರದೋ ತಾಟನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಹೊರಳಿಸಿದ. ಟೀವಿಯ ಸುದ್ದಿ ಅವನಿಗೆ ಮುಟ್ಟಿತ್ತೋ ಇಲ್ಲವೋ, ಮುಖದಲ್ಲಿ ಏನೂ ಇರಲಿಲ್ಲ. ಮಾನವ್ವ, "ಮುದಕಗ ಬ್ಯಾರೆ ಉದ್ಯೋಗಿಲ್ಲ. ನಡಿ ಲಗೂನ" ಎಂದು ಎಳೆದುಕೊಂಡು ನಡೆದಳು. ದಿಲ್ಲಿಯಿಂದ ಬೆಂಗಳೂರಿನವರೆಗೆ ಅಷ್ಟು ಮಂದಿ ಹುಡುಕುತ್ತಿರುವ ಕಾರಣವನ್ನು ಬೇವಿನ ಮರದ ಕೆಳಗೆ ಒಬ್ಬ ಮುದುಕ ರಸ್ತೆಗೆ ಕೇಳುವಂತೆ ಹೇಳಿದ್ದ, ಯಾರೂ ತಿರುಗಿ ನೋಡಿರಲಿಲ್ಲ. ಹೊಳೆವ್ವನ ತಲೆ ಹಗುರಾಯಿತು. ಬೆಳಗ್ಗಿನಿಂದ ಒಂದು ಚಹಾ ಬಿಟ್ಟರೆ ಏನೂ ತಿಂದಿರಲಿಲ್ಲ.

ಸಭೆಗೆ ಒಂದು ಕಲ್ಯಾಣ ಮಂಟಪ ಹಿಡಿದಿದ್ದರು. ಹಿಂದಿನ ದಿನ ಅಲ್ಲಿ ಲಗ್ನವಾಗಿತ್ತು, ಸಿಂಗಾರ ಬಿಚ್ಚಲು ಯಾರೂ ಬಂದಿರಲಿಲ್ಲ. ವೇದಿಕೆಯ ಹಿಂದಿನ ಬಟ್ಟೆಯ ಮೇಲೆ ಬೆಳ್ಳಿಬಣ್ಣದ ಅಕ್ಷರಗಳಲ್ಲಿ ದುರ್ಗೇಶ, ಕವಿತಾ ಎಂದು ಇತ್ತು, ನಡುವೆ ಒಂದು ಬಾಣ ಹೊಕ್ಕ ಹೃದಯ. ಕುರ್ಚಿ ಸಾಲದೆ, ಅಹವಾಲು ಕೇಳಲು ಬಂದ ಸರ್ಕಾರಿ ಕಮಿಟಿಯ ಅಧ್ಯಕ್ಷರು, ಬೆಳ್ಳಗಿನ ತಲೆಯ ದೊಡ್ಡ ಮನುಷ್ಯರು, ಮದುಮಗನ ಸಿಂಹಾಸನದ ಮೇಲೆ ಕೂತಿದ್ದರು. ಬೆಂಗಳೂರಿನಿಂದ ಬಂದ ವಿಜ್ಞಾನಿ ಮೇಡಮ್ಮು ಮದುಮಗಳ ಸಿಂಹಾಸನದ ತುದಿಯಲ್ಲಿ, ಆದಷ್ಟು ದೂರ ಸರಿದು. ಹೆಂಗಸರ ಸಾಲಿನಲ್ಲಿ ಆಗಲೇ ಮೊಣಕೈ ತಿವಿತ ಶುರುವಾಗಿತ್ತು. "ಅಕ್ಕಿಕಾಳ ಎಲ್ಲಿ ಅದಾವ ಕೇಳ" ಎಂದು ಮಾನವ್ವ ಪಿಸುಗುಟ್ಟಿದಳು. ಹೊಳೆವ್ವ ತುಟಿ ಕಚ್ಚಿಕೊಂಡಳು. ಮೊದಲು ಕಂಪನಿಯವನು ಎದ್ದು ಕೊರೋನಾದ ಮಾತು ತೆಗೆದ. ಆಗ ಲಸಿಕೆಗೆಂದು ಇದೇ ಕುಲಾಂತರಿ ಕಾಯಿದೆ ನೋಡಿಕೊಳ್ಳುವವರು ತಿಂಗಳುಗಟ್ಟಲೆಯ ಕೆಲಸವನ್ನು ದಿನಗಳಲ್ಲಿ ಮುಗಿಸಿ ಒಪ್ಪಿಗೆ ಕೊಡಲಿಲ್ಲವೇ, ಈಗ ಒಂದು ವಾಂತಿಗೆ ಎಲ್ಲ ನಿಲ್ಲಿಸುವುದೆಂದರೇನು ಎಂದ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. "ಆವಾಗ ಜನ ಸಾಯ್ತಿದ್ರು, ಬೇಗ ಕೊಡಿ ಬೇಗ ಕೊಡಿ ಅಂದ್ರು, ಕೊಟ್ವಿ. ಈಗ ಜನ ಹೆದರಿದ್ರು, ಬೇಗ ನಿಲ್ಲಿಸಿ ಅಂದ್ರು, ನಿಲ್ಲಿಸಿದ್ವಿ. ನಿಧಾನಕ್ಕೆ ಕೂತು ಕೇಳಿ ಅಂತ ನಮಗೆ ಇವತ್ತಿನವರೆಗೆ ಯಾರೂ ಹೇಳಿಲ್ಲ" ಎಂದರು. ದಣಿದ ದನಿ. ಅದನ್ನು ಕೇಳಿ ಹೊಳೆವ್ವನಿಗೆ ಆ ಮುದುಕರ ಮೇಲೆ ಕನಿಕರ ಹುಟ್ಟಿತು. ಇಷ್ಟು ದೂರ ಬಂದು, ಯಾರದೋ ಲಗ್ನದ ಸಿಂಹಾಸನದ ಮೇಲೆ ಕೂತು, ಎಂಥ ಪ್ರಾಣಸಂಕಟ. ಆಮೇಲೆ ಮಾನವ್ವ ಎದ್ದಳು. ವಾಸನೆಯ ಕತೆ ಹೇಳಿದಳು. ಎರಡು ತಿಂಗಳಲ್ಲಿ ಕತೆ ಬೆಳೆದಿತ್ತು, ಹೂವಿನಿಂದ ಈಗ ತೆಳ್ಳಗಿನ ನೀಲಿ ಹೊಗೆ ಬರುತ್ತಿತ್ತು. ಟೀವಿಯವನು ಕ್ಯಾಮೆರಾ ಹತ್ತಿರ ತಂದ.

ಆಮೇಲೆ ಹಸಿರು ಶಾಲಿನ ಕನಕರಾಜ ಮೈಕು ಹಿಡಿದ. ನರಗುಂದದ ಕಡೆಯವನು, ರೈತರ ಸಂಘದವನು, ಮಾತಿಗೆ ನಿಂತರೆ ಎತ್ತೂ ಕಿವಿ ನಿಮಿರಿಸಬೇಕು. ಬೀಜ ಕಂಪನಿಯ ಕೈಗೆ ಹೋದರೆ ನಾಳೆ ರೈತ ತನ್ನ ಹೊಲಕ್ಕೆ ತಾನೇ ಆಳಾಗುತ್ತಾನೆ ಎಂದ. ಖರೇ ಎಂದು ಹೊಳೆವ್ವ ತಲೆ ಆಡಿಸಿದಳು. ಪರೀಕ್ಷೆ ಮಾಡುವವರೂ ಅವರೇ, ಪಾಸು ಮಾಡಿಸುವವರೂ ಅವರೇ ಆದರೆ ಕೇಳುವವರು ಯಾರು ಎಂದ. ಅದೂ ಖರೇ. ಆಮೇಲೆ ಅವನ ದನಿ ಏರಿತು. "ಇವತ್ತ ವಾಂತಿ. ನಾಳೆ ಈ ನಮ್ಮ ಅಕ್ಕ ತಂಗ್ಯಾರ ಹೊಟ್ಟ್ಯಾಗ ಹುಟ್ಟೂ ಕೂಸಿನ ಮೈಮ್ಯಾಲೆ ಕೂದಲ ಬದ್ಲಿ ಹತ್ತಿ ಬೆಳದ್ರ ಯಾರ ಹೊಣಿ?" ಹೊಳೆವ್ವನ ಕಣ್ಣ ಮುಂದೆ ಮಾನವ್ವನ ಹೊಟ್ಟೆಯಲ್ಲಿ, ಐವತ್ತೊಂದು ವರ್ಷದ ಮಾನವ್ವನ ಹೊಟ್ಟೆಯಲ್ಲಿ, ಬೆಳ್ಳಗೆ ಅರಳಿದ ಒಂದು ಕೂಸು ಬಂತು, ಅದನ್ನು ಸಂಜೆಗೊಮ್ಮೆ ಗೇಟಿನಲ್ಲಿ ಝಾಡಿಸಬೇಕಾಯಿತು, ಮತ್ತೆ ಅದರ ಬಾಯಲ್ಲಿ ಒಂದು ತುತ್ತು ಮೊಸರನ್ನ. ಇನ್ನು ತಡೆಯಲು ಆಗಲಿಲ್ಲ. ನಗು ಸೆರಗನ್ನು ದಾಟಿ, ಬೆರಳನ್ನು ದಾಟಿ ಹೊರಗೆ ಬಂತು. ಒಂದು ಸಲ ಬಂದಮೇಲೆ ನಿಲ್ಲಲಿಲ್ಲ. ಕಣ್ಣಲ್ಲಿ ನೀರು, ಪಕ್ಕೆ ಹಿಡಿದವು, ಮುನ್ನೂರು ಮಂದಿ ತಿರುಗಿ ನೋಡುತ್ತಿದ್ದಾರೆ, ಕ್ಯಾಮೆರಾದ ಕೆಂಪು ದೀಪ ತನ್ನ ಕಡೆ ತಿರುಗಿದೆ, ಎಲ್ಲ ಕಾಣುತ್ತಿದೆ, ಆದರೂ ನಿಲ್ಲುತ್ತಿಲ್ಲ. ಮಾನವ್ವ ತೊಡೆ ಚಿವುಟಿದಳು. ಅದಕ್ಕೂ ನಕ್ಕಳು.

"ಏನಮ್ಮಾ, ಯಾಕೆ ನಗ್ತಾ ಇದೀರಾ?" ಅಧ್ಯಕ್ಷರು ಕೇಳಿದರು. ಸಿಟ್ಟಿರಲಿಲ್ಲ. ನಿಜವಾಗಿ ಗೊತ್ತಾಗಬೇಕಿತ್ತು ಅವರಿಗೆ. ಹೊಳೆವ್ವ ಎದ್ದು ನಿಂತಳು. ಏಳಬೇಕೆಂದು ಎದ್ದದ್ದಲ್ಲ, ನಗು ಎಬ್ಬಿಸಿತು. ಮೈಕು ಕೊಟ್ಟರು. ಮೈಕಿನಲ್ಲಿ ತನ್ನ ಉಸಿರೇ ದೊಡ್ಡದಾಗಿ ಕೇಳಿ ಹೆದರಿಕೆಯಾಯಿತು, ಆಗ ನಗು ನಿಂತಿತು, ಮಳೆ ನಿಂತ ಮೇಲಿನ ಹಾಗೆ ಒಳಗೆಲ್ಲ ಖಾಲಿ ಖಾಲಿ. "ಹೂವಿಂದೇನೂ ಇಲ್ರಿ" ಎಂದಳು. "ಮಸರನ್ನ ನಾ ಮಾಡಿದ್ದೆರಿ. ಹಿತ್ತಾಳಿ ಕೊಳಗದಾಗ. ಕಲಾಯಿ ಹೋಗಿತ್ತು. ಕಲಾಯಿ ಮಾಡಾಂವ ಹೇಳಿದ್ದ, ನಾ ಕೇಳಲಿಲ್ಲ. ಹೊರಗ ಮಸಿ ಆಕ್ಕತಿ ಅಂತ ಬಿಟ್ಟೆ. ಛಂದ ಕಾಣ್ಲಿ ಅಂತ." ಮಂದಿಗೆ ವಿಷ ಹಾಕಿದೆ ಎಂದು ಹೇಳುವುದಕ್ಕಿಂತ ಚಂದ ಕಾಣಲಿ ಎಂದು ಮಾಡಿದೆ ಎಂದು ಹೇಳುವುದೇ ಕಷ್ಟವಾಯಿತು. ನಲವತ್ತಾರು ವರ್ಷದ ಹೆಂಗಸು, ಮೂವತ್ತು ಮಂದಿಯ ಎದುರು ಒಂದು ಪಾತ್ರೆಯ ಹೊಳಪು ತೋರಿಸಬೇಕೆಂದಿದ್ದೆ ಎಂದು ಬಟ್ಟೆ ಕಳಚಿ ನಿಂತ ಹಾಗೆ. "ಮಸರನ್ನ ಉಣ್ಣದವರಿಗೆ ಯಾರಿಗೂ ಏನೂ ಆಗಿಲ್ರಿ. ನನಗೂ ಆಗಿಲ್ಲ. ನನಗ ಉಳದಿರ್ಲಿಲ್ಲ."

ಗದ್ದಲವೋ ಗದ್ದಲ. ಮಾನವ್ವ ಎದ್ದು ನಿಂತಳು. ಮುಖ ಕೆಂಪಗಾಗಿತ್ತು. "ನಾ ಸಾಯಾಕ ಬಿದ್ದಿದ್ದೆ. ದಿಲ್ಲಿ ತನಕಾ ನನ್ನ ಮಾರಿ ತೋರಿಸ್ಯಾರ. ಈಗ ಇದು ಕೊಳಗದ ವಾಂತಿ ಅಂತಿ? ಎರಡ ತಿಂಗಳ ಬಾಜೂ ಕುಂತ ಕಳೆ ಕಿತ್ತೀದಿ, ಒಂದ ಮಾತ ಹೇಳಲಿಲ್ಲ." ಸೀರೆಯ ನಿರಿಗೆ ಹಿಡಿದುಕೊಂಡು ಸೀದಾ ಹೊರಗೆ ನಡೆದಳು. ಕನಕರಾಜ, "ಇವರಿಗೆ ಕಂಪನಿಯವರು ಹೇಳಿಕೊಟ್ಟಾರ" ಎಂದ. ಕಂಪನಿಯವನಂತೂ ಎರಡು ಸಾಲು ದಾಟಿ ಬಂದು ಆಕೆಯ ಕೈ ಹಿಡಿದುಕೊಂಡ, "ಅಮ್ಮಾ, ಇದನ್ನೇ ಬರೆದು ಕೊಡಿ, ನಿಮ್ಮ ಫೋಟೋ" ಎನ್ನುತ್ತ. ಹೊಳೆವ್ವ ಕೈ ಬಿಡಿಸಿಕೊಂಡಳು. "ನಿಮ್ಮ ಬೀಜ ಚಲೋ ಅಂತ ನಾ ಎಲ್ಲಿ ಅಂದೀನ್ರಿ? ಅದು ನನಗ ಗೊತ್ತಿಲ್ಲ. ಅವತ್ತ ಕೆಡಿಸಿದ್ದು ಅದಲ್ಲ ಅಂದೆ, ಅಷ್ಟ." ಅವನಿಗೆ ಆ ಎರಡರ ನಡುವೆ ಇರುವ ಅಂತರ ಕಾಣಲಿಲ್ಲ. ಮೇಡಮ್ಮಿಗೆ ಕಂಡಿತು. ಮದುಮಗಳ ಸಿಂಹಾಸನದಿಂದ ಇಳಿದು ಮೆಟ್ಟಿಲ ತುದಿಗೆ ಬಂದು ಕೂತು ಕೇಳಿದರು: ಎಷ್ಟು ಹೊತ್ತಿಗೆ ಕಲಸಿದಿರಿ, ಎಷ್ಟು ನಿಂಬೆಹಣ್ಣು, ವಾಂತಿಯ ಬಣ್ಣ ಹೇಗಿತ್ತು. ಒಂದೊಂದನ್ನೂ ಬರೆದುಕೊಂಡರು. ಆಮೇಲೆ, ಹೊಲದ ಒಳಗೆ ಊಟ ಮಾಡಿದಿರಾ, ಒಳಗೇನಾ ಎಂದು ಎರಡು ಸಲ ಕೇಳಿದರು. ಎಷ್ಟು ಮಂದಿ? ಎತ್ತುಗಳೂನಾ? ಎತ್ತು ಏನಾದರೂ ಮೇಯ್ದವಾ? ಹೊರಗೆ ಬರುವಾಗ ಯಾರಾದರೂ ಸೀರೆ ಝಾಡಿಸಿದಿರಾ? ಹೊಳೆವ್ವ ಎಲ್ಲಕ್ಕೂ ಖರೇ ಉತ್ತರ ಕೊಟ್ಟಳು. ಕೊಡುತ್ತ ಹೋದ ಹಾಗೆ ಸಾವಕಾರ ಗುರುಸಂಗಪ್ಪನವರು ಕುರ್ಚಿಯಲ್ಲಿ ಸಣ್ಣಗಾಗುತ್ತ ಹೋದರು, ಕಂಪನಿಯವನು ಫೋಟೋದ ಮಾತು ಬಿಟ್ಟು ಫೋನು ಹಿಡಿದು ಹೊರಗೆ ಹೋದ.

ಅಧ್ಯಕ್ಷರು ಮೈಕು ಸರಿಮಾಡಿಕೊಂಡು ಹೇಳಿದ್ದು ಇಷ್ಟು. ಈಕೆ ಹೇಳಿದ್ದನ್ನು ಪರಿಶೀಲಿಸುತ್ತೇವೆ, ಕೊಳಗವನ್ನು ಪರೀಕ್ಷೆಗೆ ಒಯ್ಯುತ್ತೇವೆ. ಖರೇ ಆದರೆ ವಾಂತಿಗಾಗಿ ರಾಜ್ಯದ ಎಲ್ಲ ಹೊಲಗಳಿಗೂ ಹಾಕಿದ ತಡೆಯನ್ನು ತೆಗೆಯಲು ಬರೆಯುತ್ತೇವೆ. ಆದರೆ ಈ ನಾಲ್ಕು ಎಕರೆಯ ಬೀಗ ತೆಗೆಯುವುದಿಲ್ಲ. ಚಕ್ಕಡಿ, ಎತ್ತು, ಮಕ್ಕಳು ಒಳಗೆ ಹೋಗಿ ಬಂದ ಪರೀಕ್ಷೆಯನ್ನು ಪರೀಕ್ಷೆ ಎನ್ನಲಾಗದು. ವಾಂತಿ ಆಗದಿದ್ದರೆ ಇದು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ, ಎಂದು ಕೊನೆಗೆ ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಹೊಳೆವ್ವ ನಿಂತೇ ಇದ್ದಳು. ಎರಡು ತಿಂಗಳು ತಾನು ತಕ್ಕಡಿಯ ಎರಡು ತಟ್ಟೆಯಲ್ಲಿ ತೂಗಿದ್ದು ಬೇರೆ, ಇಲ್ಲಿ ಆದದ್ದು ಬೇರೆ. ಮೂವತ್ತು ಮಂದಿಯ ಕೆಲಸ ಬರಲಿಲ್ಲ, ಹೆಸರೂ ಹೋಯಿತು. ಯಾರೋ ಹಿಂದಿನಿಂದ, "ಇನ್ನ ಸವಡ್ಯಾಗ ಯಾರ ಲಗ್ನ ಆದ್ರೂ ಮೊದಲ ಪಾತ್ರಿ ನೋಡ್ರಿ" ಎಂದರು, ಸಭೆ ನಕ್ಕಿತು. ಆ ನಗು ಮುಖಕ್ಕೆ ಬಡಿಯಿತು. ಬಡಿದ ಮೇಲೆ ನೋಡಿದರೆ ಅಷ್ಟೇನೂ ನೋಯಲಿಲ್ಲ. ಕೇಸು ಎಂದು ಯಾರೂ ಬಾಯಿ ಬಿಡಲಿಲ್ಲ. ಮೈಕನ್ನು ಕುರ್ಚಿಯ ಮೇಲಿಟ್ಟು, ದಾರಿ ಬಿಟ್ಟವರ ನಡುವೆ ನಡೆದು ಹೊರಗೆ ಬಂದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಹೊಟ್ಟೆ ಹಸಿದಿತ್ತು, ಎಷ್ಟೋ ದಿನಗಳ ಮೇಲೆ, ಮಕ್ಕಳಿಗೆ ಹಸಿಯುವ ಹಾಗೆ.

ಮಂಟಪದ ಗೇಟಿನ ಎದುರಿಗೆ, ಮಿರ್ಚಿಭಜಿಯ ಗಾಡಿಯ ನೆರಳಲ್ಲಿ, ಮಾನವ್ವ ಬೆನ್ನು ತಿರುಗಿಸಿ ನಿಂತಿದ್ದಳು. ಕೈಯಲ್ಲಿ ಕಾಗದದ ಪೊಟ್ಟಣ. ಹೊಳೆವ್ವ ಎರಡು ಮಾರು ದೂರದಲ್ಲಿ ನಿಂತಳು. ಹತ್ತಿರ ಹೋಗುವ ಧೈರ್ಯವಿಲ್ಲ, ಬಿಟ್ಟು ಹೋಗಲು ಊರಿನ ಬಸ್ಸು ಒಂದೇ. ಮಾನವ್ವ ಒಂದು ಮಿರ್ಚಿ ಪೂರ್ತಿ ತಿಂದಳು, ತೊಟ್ಟು ಬಿಸಾಡಿದಳು. ಇನ್ನೊಂದು ತೆಗೆದಳು. ತಿರುಗದೇ, ಗಾಡಿಯವನಿಗೆ ಹೇಳುವ ಹಾಗೆ, ಹೇಳಿದಳು: "ಎಲ್ಲಾರಿಗಿಂತಾ ನನಗ ಯಾಕ ಹೆಚ್ಚ ಆತು ಅಂತ ಆ ಸಿಂಹಾಸನದ ಮ್ಯಾಲಿನ ಮುದಕ ಕೇಳಲೇ ಇಲ್ಲ."

"ಯಾಕ?" ಎಂದಳು ಹೊಳೆವ್ವ.

"ಮೂರ ಸಲ ನೀಡಿಸಿಕೊಂಡಿದ್ದೆ. ನೀ ಆ ಕಡೆ ತಿರಗಿದಾಗ ನಾಕನೇದ್ದು ನಾನ ಹಾಕ್ಕೊಂಡೆ. ಅದಕ್ಕ ನಿನಗ ಉಳೀಲಿಲ್ಲ." ಪೊಟ್ಟಣವನ್ನು ಹಿಂದಕ್ಕೆ ಚಾಚಿ ಹಿಡಿದಳು, ಇನ್ನೂ ತಿರುಗಿರಲಿಲ್ಲ, ಆದರೆ ಇಳಕಲ್ ಸೀರೆಯ ಭುಜ ಮೇಲೆ ಕೆಳಗೆ ಅಲುಗಲು ಶುರುವಾಗಿತ್ತು. "ಅಂಥಾ ಮಸರನ್ನ ನಾ ಹುಟ್ಟಿದ ಮ್ಯಾಲೆ ಉಂಡಿಲ್ಲ, ರಂಡೆ."